ಕೊನೇ ಗದ್ದೆಗೆ ಮೊದಲ ನೀರು

...ಬೈದು ಏನ್ ಮಾಡ್ತೀಯಾ ಪುಟ್ಟಿ, ಟ್ಯಾಂಕರ್‌ನೋನು ಇನ್ನೊಂದು ಗಂಟೇಲಿ ಬರ್ತೀನಿ ಅಂದ ಅಂದ್ರೆ ಅದು ಸಂಜೆಗೆ ಅಂತ ತಿಳ್ಕೋಬೇಕು. ಫೋನ್ ಇಡು. ಇಟ್ಟು ಬಾ ಇಲ್ಲಿ, ಜಗಲಿ ಮೇಲೆ ಗಾಳಿ ಆದ್ರೂ ಬೀಸ್ತಾ ಇದೆ. ನಿನ್ನ ತಮ್ಮನ್ನೂ ಕರಿ. ಬಾರೋ, ಕೂತ್ಕೋ, ಒಂದಿನ ತಲೆಗೆ ಸ್ನಾನ ಮಾಡ್ಲಿಲ್ಲ ಅಂದ್ರೆ ಕೂದಲೇನು ಉದುರಿ ಹೋಗಲ್ಲ, ನನ್ನದು ದಿನಾ ಸ್ನಾನ ಮಾಡಿಯೇ ಉದುರಿದ್ದು. ನೀರು ಬಿಡೋನಿಗೆ ಬೈಬಾರದು ಕಣಮ್ಮ. ಯಾಕೆ ಗೊತ್ತಾ, ನಿಮ್ಮ ತಾತ ನಾನೇ ನೀರು ಬಿಡೋನಾಗಿದ್ದೆ. ನಿಮ್ಮಪ್ಪ ನಿಮಗೆ ಏನಂತ ಹೇಳಿದಾನೆ, ತಾತ ಕಾರ್ಪೊರೇಷನ್ ಆಫೀಸರ್ ಅಂತ ತಾನೆ? ಅದು ನಾನೇ ಅವನ ಮದುವೇಲಿ ಬೀಗರಿಗೆ ಹೇಳಿದ್ದು, ಅವನೂ ಅದನ್ನೇ ಹೇಳ್ಕೊಂಡು ಬಂದ. ಆಫೀಸರೂ ಇಲ್ಲ ಏನೂ ಇಲ್ಲ. ನೆಲದೊಳಗೆ ಒಂದು ಗುಂಡಿ, ಗುಂಡಿ ಮೇಲೊಂದು ಕಬ್ಬಿಣದ ಮುಚ್ಚಳ, ಒಳಗೊಂದು ವಾಲ್ವು. ನನ್ನ ಎದೆ ಮಟ್ಟ ಬರೋ ಒಂದು ಕಬ್ಬಿಣದ ಕೀಲಿ. ಅದನ್ನ ಇಳಿಬಿಟ್ಟು ತಿರುಗಿಸಿದ್ರೆ ಒಂದು ಬೀದಿಗೆ ನೀರು. ಅಷ್ಟೇ ಆಫೀಸು.

ನಮ್ಮಪ್ಪ, ಅಂದ್ರೆ ನಿಮ್ಮ ಮುತ್ತಾತ, ಈ ಯಡಿಯೂರು ಕೆರೆಗೆ ನೀರಗಂಟಿ. ನೀರಗಂಟಿ ಅಂದ್ರೆ ಗೊತ್ತಾ? ಕೆರೆ ತೂಬು ಎತ್ತೋದು, ಕಾಲುವೇಲಿ ನೀರು ಬಿಡೋದು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಪಾಲು ಮಾಡೋದು, ಅದೇ ಕೆಲಸ. ಅವರಪ್ಪನೂ ಅದೇ, ಅವರ ತಾತನೂ ಅದೇ. ಒಂದು ಸನಿಕೆ ಹೆಗಲ ಮೇಲೆ ಇಟ್ಕೊಂಡು ಹೊರಟ ಅಂದ್ರೆ ಊರ ಪಟೇಲನೂ ದಾರಿ ಬಿಡ್ತಿದ್ದ. ನೆಲಕ್ಕೆ ಕಿವಿ ಕೊಟ್ಟು ಮಲಗಿದ್ರೆ ಸಾಕು, ಯಾರ ಗದ್ದೇಲಿ ಬದು ಒಡೆದು ನೀರು ಕದೀತಿದಾರೆ ಅಂತ ಹೇಳ್ತಿದ್ದ. ಆಗಿನ ಕೆರೆ ಈಗ ನೀನು ವಾಕಿಂಗ್ ಹೋಗ್ತೀಯಲ್ಲ, ಬೇಲಿ ಹಾಕಿರೋ ಕೊಳ, ಅಂಥದ್ದಲ್ಲ. ಈ ದಡದಲ್ಲಿ ನಿಂತ್ರೆ ಆ ದಡ ಕಾಣ್ತಿರಲಿಲ್ಲ. ಅದರಲ್ಲಿ ಒಂದು ಮೀನಿತ್ತು, ಸಿಟಿ ಬಸ್ಸಿನಷ್ಟು ಉದ್ದ... ನಗಬೇಡ್ವೋ. ಆಯ್ತಪ್ಪ, ಬಸ್ಸಲ್ಲ, ಆಟೋ. ಆಟೋದಷ್ಟು ಇತ್ತು. ಇರ್ಲಿ, ಮೀನು ಬಿಡು.

ಆಮೇಲೆ ಲೇಔಟ್ ಬಂತು. ಜಯನಗರ ಅಂತ ಹೆಸರಿಟ್ರು. ಮೊದಲು ಕೊಡೆ ಹಿಡ್ಕೊಂಡು ನಾಲ್ಕು ಜನ ಬಂದ್ರು, ಆಮೇಲೆ ಸರಪಳಿ ಹಿಡ್ಕೊಂಡು ಅಳೆಯೋರು ಬಂದ್ರು, ಆಮೇಲೆ ಕಲ್ಲು ನೆಟ್ರು. ನೋಡ್ತಾ ನೋಡ್ತಾ ಭತ್ತ ಬೆಳೀತಿದ್ದ ಜಾಗದಲ್ಲಿ ಮೇನ್ ರೋಡು, ಕ್ರಾಸ್ ರೋಡು. ಇಲ್ಲಿಂದ ಆಚೆ, ಪದ್ಮನಾಭನಗರ ಅಂತೀರಲ್ಲ, ಅಲ್ಲಿ ಇನ್ನೂ ಬರೀ ಹೊಲವೇ, ನರಿ ಕೂಗ್ತಿತ್ತು. ಚಿರತೆನೂ ಇತ್ತು, ನಾನೇ ಒಂದಕ್ಕೆ ಹೊಡೆದಿದ್ದೀನಿ, ಅದನ್ನ ಇನ್ನೊಂದಿನ ಹೇಳ್ತೀನಿ. ಗದ್ದೆ ಹೋದವರಿಗೆ ಪರಿಹಾರ ಅಂತ ಏನೋ ಒಂದು ಬಂತು. ನೀರಗಂಟಿಗೆ ಏನು ಬರುತ್ತೆ? ಅವನ ಹೆಸರಲ್ಲಿ ಗದ್ದೆ ಎಲ್ಲಿತ್ತು? ಸುಗ್ಗೀಲಿ ಎಲ್ಲರೂ ಕಣದಲ್ಲಿ ಒಂದೊಂದು ಮೊರ ಭತ್ತ ಹಾಕ್ತಿದ್ರು, ಅದೇ ನಮ್ಮ ಜೀವನ. ಗದ್ದೆ ಇಲ್ಲ, ಕಣ ಇಲ್ಲ, ಮೊರ ಹಿಡ್ಕೊಂಡು ಯಾರ ಮುಂದೆ ನಿಂತ್ಕೋಬೇಕು? ಆದ್ರೂ ನಮ್ಮಪ್ಪ ಬೆಳಗಾಗೆದ್ದು ಸನಿಕೆ ತಗೊಂಡು ಕೆರೆ ಏರಿ ಮೇಲೆ ಹೋಗೋನು. ತೂಬಿನ ಹತ್ರ ಕೂತ್ಕೊಳ್ಳೋನು. ಮಧ್ಯಾಹ್ನ ವಾಪಸ್ ಬರೋನು. ನಮ್ಮಮ್ಮ ಮುದ್ದೆ ಹಾಕೋಳು, ತಿನ್ನೋನು, ಏನೂ ಕೇಳ್ತಿರಲಿಲ್ಲ ಅವಳು. ಹೀಗೇ ಎರಡು ವರ್ಷ. ಎರಡು ವರ್ಷ ಕಣಮ್ಮ, ನೀರು ಬಿಡೋಕೆ ಒಂದು ಗದ್ದೆ ಇಲ್ದೆ ದಿನಾ ಡ್ಯೂಟಿಗೆ ಹೋದ.

ಮನೇಲಿ ದುಡಿಯೋ ವಯಸ್ಸಿನೋನು ನಾನೊಬ್ಬನೇ. ಹತ್ತೊಂಬತ್ತೋ ಇಪ್ಪತ್ತೋ ನನಗೆ. ಲೇಔಟಿನ ನೀರು ನೋಡ್ಕೊಳ್ಳೋ ಓವರ್‌ಸಿಯರ್ ಒಬ್ಬರಿದ್ರು, ಖಾಕಿ ಚಡ್ಡಿ, ತಲೆ ಮೇಲೆ ಟೋಪಿ, ಸೈಕಲ್ಲು. ಅವರು ನನ್ನ ಕರೆದು, 'ಏನಯ್ಯಾ, ನೀನು ನೀರಗಂಟಿ ಮಗನಂತೆ, ನೀರು ಬಿಡೋ ಕೆಲಸ ನಿನ್ನ ರಕ್ತದಲ್ಲೇ ಇರುತ್ತೆ, ಮಾಡ್ತೀಯಾ' ಅಂದ್ರು. 'ಮಾಡ್ತೀನಿ ಸಾರ್.' 'ಈಗ ದಿನಗೂಲಿ. ಈ ಬೇಸಿಗೆ ಕಳೀಲಿ, ಒಂದೇ ಒಂದು ಕಂಪ್ಲೇಂಟ್ ಬರದೇ ಇದ್ರೆ ಪರ್ಮನೆಂಟ್‌ಗೆ ಬರೀತೀನಿ. ಒಂದು ಕಂಪ್ಲೇಂಟ್ ಬಂತೋ, ಕೀಲಿ ಇಟ್ಟು ಮನೆಗೆ ಹೋಗು.' ಪರ್ಮನೆಂಟ್ ಅನ್ನೋ ಪದ ಆಗ ನನಗೆ ಸರಿಯಾಗಿ ಹೇಳೋಕೂ ಬರ್ತಿರಲಿಲ್ಲ. ಆದ್ರೆ ಮನೆಗೆ ಬಂದು ನಮ್ಮಮ್ಮನಿಗೆ ಹೇಳಿದಾಗ ಅವಳು ಒಲೆ ಮುಂದಿಂದ ಎದ್ದು ಬಂದು, 'ಹಂಗಂದ್ರೆ ಸಾಯೋಗಂಟ ಕೊಡ್ತಾರಾ?' ಅಂದಳು. 'ಹೂಂ ಕಣಮ್ಮ.' 'ಹಂಗಾದ್ರೆ ಕಂಪ್ಲೇಂಟ್ ಬರದಂಗೆ ನೋಡ್ಕೊಳ್ಲಾ ಮಗ' ಅಂದಳು. ಅಷ್ಟೇ ಅವಳು ಹೇಳಿದ್ದು.

ಕೆಲಸ ಹೆಂಗಿತ್ತು ಅಂದ್ರೆ, ನೀರಿನ ಟ್ಯಾಂಕ್ ಇದ್ದಿದ್ದು ಮೇಲ್ಗಡೆ, ದಿಣ್ಣೆ ಮೇಲೆ. ಅದರ ಬುಡದಲ್ಲೇ ದೊಡ್ಡ ದೊಡ್ಡ ಮನೆಗಳು, ಪೆನ್ಷನ್ ತಗೊಳ್ಳೋ ಆಫೀಸರುಗಳದ್ದು. ಅಲ್ಲಿಂದ ಇಳೀತಾ ಇಳೀತಾ ಮಧ್ಯದಲ್ಲಿ ಮೇಷ್ಟ್ರುಗಳು, ಗುಮಾಸ್ತರು. ತೀರ ಕೆಳಗೆ, ಪೈಪ್ ಮುಗಿಯೋ ಕಡೆ, ಒಂದು ಬೀದಿ ನಲ್ಲಿ. ಆ ಒಂದು ನಲ್ಲಿಗೆ ಕಲ್ಲು ಒಡೆಯೋರು, ಗಾರೆ ಕೆಲಸದೋರು, ಅದೇ ದೊಡ್ಡ ಮನೆಗಳನ್ನ ಕಟ್ಟಿದೋರು, ಮತ್ತೆ ಗದ್ದೆ ಹೋದ ನಮ್ಮೂರಿನ ಅರ್ಧ ಜನ. ನಮ್ಮ ಮನೇನೂ ಅಲ್ಲೇ. ಮೇಲಿನ ವಾಲ್ವ್ ಮೊದಲು ತೆಗೀಬೇಕು, ಆಮೇಲೆ ಮಧ್ಯದ್ದು, ಆಮೇಲೆ ಕೆಳಗಿಂದು. ನೀರು ಚೆನ್ನಾಗಿದ್ದಾಗ ಏನೂ ತೊಂದರೆ ಇಲ್ಲ, ಎಲ್ಲರಿಗೂ ಸಿಗೋದು. ಆ ವರ್ಷ ಮಳೆ ಕೈಕೊಡ್ತು. ಟ್ಯಾಂಕ್ ಬೆಳಗ್ಗೆ ಒಂದೂವರೆ ಗಂಟೆ ಹರಿದ್ರೆ ಖಾಲಿ. ಮೇಲಿನವರು ಹಂಡೆ ತುಂಬಿಸಿ, ತೊಟ್ಟಿ ತುಂಬಿಸಿ, ಗುಲಾಬಿ ಗಿಡಕ್ಕೂ ಬಿಡೋ ಹೊತ್ತಿಗೆ ಮುಗೀತು. ಕೊನೇ ನಲ್ಲಿ ತಿರುಗಿಸಿದ್ರೆ ಗಾಳಿ. ಬುಸ್ ಅಂತ ಹಾವಿನ ಹಾಗೆ ಸದ್ದು, ಅಷ್ಟೇ. ಕ್ಯೂ ನೋಡಬೇಕಿತ್ತು ನೀನು. ಬಿಂದಿಗೆ, ಮಡಕೆ, ಸೀಮೆಎಣ್ಣೆ ಡಬ್ಬ, ಸಾಲು ಇಲ್ಲಿಂದ ಸೌತ್ ಎಂಡ್ ಸರ್ಕಲ್ ತನಕ. ಇಲ್ಲ, ಅಷ್ಟಿರಲಿಲ್ಲ. ಆದ್ರೆ ಬೆಳಗಿನ ಜಾವ ಇಟ್ಟ ಬಿಂದಿಗೆ ಮಧ್ಯಾಹ್ನ ಖಾಲೀನೇ ಮನೆಗೆ ಹೋಗೋದನ್ನ ನಾನು ಕಣ್ಣಲ್ಲಿ ನೋಡಿದ್ದೀನಿ, ಅದರಲ್ಲಿ ಒಂಚೂರೂ ಸುಳ್ಳಿಲ್ಲ. ಕೂಸು ಎತ್ಕೊಂಡಿರೋ ಹೆಂಗಸ್ರು ನನ್ನ ಕೈಲಿರೋ ಕೀಲಿ ನೋಡೋರು. ಬೈದಿದ್ರೆ ಚೆನ್ನಾಗಿತ್ತು. ಬೈತಿರಲಿಲ್ಲ. ಸುಮ್ನೆ ನೋಡೋರು.

ನಾನು ನಮ್ಮಪ್ಪನ ಹತ್ರ ಹೋಗಿ ಕೂತ್ಕೊಂಡೆ, ಕೆರೆ ಏರಿ ಮೇಲೆ. 'ಅಪ್ಪ, ನೀರು ಸಾಲ್ತಾ ಇಲ್ಲ, ಏನ್ ಮಾಡೋದು' ಅಂದೆ. ಎರಡು ವರ್ಷದಲ್ಲಿ ಮೊದಲನೇ ಸಲ ಯಾರೋ ಅವನ್ನ ನೀರಿನ ವಿಷಯ ಕೇಳಿದ್ದು. ಮುಖ ಹೆಂಗಾಯ್ತು ಅಂತೀಯಾ. 'ಅದ್ರಲ್ಲಿ ಕೇಳಕ್ಕೇನೈತ್ಲಾ? ನೀರು ಕಮ್ಮಿ ಇರೋ ವರ್ಷ ಕೊನೇ ಗದ್ದೆಯಿಂದ ಶುರು ಮಾಡ್ಬೇಕು. ಮೇಲಿನ ಗದ್ದೆಗಳ ಬಾಯೆಲ್ಲಾ ಮುಚ್ಚು. ಕೊನೇ ಗದ್ದೆ ಕುಡೀಲಿ, ಆಮೇಕೆ ಅದರ ಮೇಲಿಂದು, ಆಮೇಕೆ ಅದರ ಮೇಲಿಂದು. ತೂಬಿನ ಪಕ್ಕ ಇರೋ ಗದ್ದೆ ಕಟ್ಟಕಡೆಗೆ. ಅವನು ಹೆಂಗೂ ತೂಬಿನ ಮಗ್ಗುಲಲ್ಲಿ ಅವ್ನೆ, ಅವನಿಗೆ ತಪ್ಪಿಸಕ್ಕೆ ಯಾರಿಗೂ ಆಗಕಿಲ್ಲ. ಕೊನೆಯೋನಿಗೆ ಮೊದ್ಲು ಕೊಡ್ಲಿಲ್ಲ ಅಂದ್ರೆ ಅವನಿಗೆ ಯಾವತ್ತೂ ಸಿಗಕಿಲ್ಲ.' ಎಷ್ಟು ಸಲೀಸಾಗಿ ಹೇಳ್ದ. ನನಗೂ ಸರಿ ಅನ್ನಿಸ್ತು. ಚಿಕ್ಕೋನಿಂದ ಕಂಡಿದ್ದೇ ತಾನೆ. ಮಾರನೇ ದಿನವೇ ಕೆಳಗಿನ ವಾಲ್ವ್ ಮೊದಲು ತೆಗೆದೆ.

ಆದ್ರೆ ನಾವಿಬ್ಬರೂ ಒಂದು ಮರೆತಿದ್ವಿ. ಏನು ಗೊತ್ತಾ? ಊರಲ್ಲಿ ಆ ರೂಲ್ಸ್ ಯಾಕೆ ನಡೀತಿತ್ತು ಅಂದ್ರೆ, ತೂಬಿನ ಪಕ್ಕ ಗದ್ದೆ ಇರೋನಿಗೇ ಕೊನೇಲೂ ಒಂದು ತುಂಡು ಗದ್ದೆ ಇರ್ತಿತ್ತು. ಹಿರಿಯರು ಪಾಲು ಮಾಡುವಾಗಲೇ ಹಾಗೆ ಮಾಡಿದ್ರು, ಪ್ರತಿ ಮನೆಗೂ ಮೇಲೊಂದು ತುಂಡು, ಕೆಳಗೊಂದು ತುಂಡು. ಮೇಲೆ ಒಣಗಿದ್ರೆ ಕೆಳಗೆ ಬೆಳೀತು. ಯಾರಿಗೂ ಹೊಟ್ಟೆ ಉರೀತಿರಲಿಲ್ಲ. ಲೇಔಟಲ್ಲಿ ಹಾಗಾ? ಮೇಲಿರೋನು ಬರೀ ಮೇಲಿರ್ತಾನೆ. ಕೆಳಗೆ ಒಂದು ನಲ್ಲಿ ಇದೆ ಅಂತಾನೇ ಅವನಿಗೆ ಗೊತ್ತಿಲ್ಲ. ಇಷ್ಟು ಚಿಕ್ಕ ವಿಷಯ ನಮ್ಮಿಬ್ಬರ ತಲೆಗೆ ಹೊಳೀಲಿಲ್ಲ ನೋಡು.

ನಾಲ್ಕೇ ದಿನ. ಐದನೇ ದಿನ ಓವರ್‌ಸಿಯರ್ ಸೈಕಲ್ ಹಾರಿಸ್ಕೊಂಡು ಬಂದ್ರು. ಟೋಪಿ ಎಲ್ಲೋ ಬಿದ್ದುಹೋಗಿತ್ತು. 'ಲೋ, ದಿಣ್ಣೆ ಮೇಲಿನ ಮೊದಲನೇ ಮನೆಗೆ ನೀರು ಹೋಗ್ತಿಲ್ಲವಂತೆ, ಏನ್ ಮಾಡ್ತಿದೀಯಾ?' 'ಹೋಗುತ್ತೆ ಸಾರ್, ಕೊನೇಲಿ ಹೋಗುತ್ತೆ.' 'ಕೊನೇಲಿ ಏನು ಹೋಗುತ್ತೆ, ಒಂದು ಬಕೆಟ್ಟು. ಯಾರು ನಿನಗೆ ಉಲ್ಟಾ ಬಿಡು ಅಂತ ಹೇಳಿದ್ದು?' 'ನಮ್ಮಪ್ಪ ಸಾರ್.' 'ನಿಮ್ಮಪ್ಪ ಯಾವ ಊರಿನ ಚೀಫ್ ಇಂಜಿನಿಯರೋ?' 'ಇದೇ ಊರು ಸಾರ್' ಅಂದೆ ನಾನು. ಬಾಯಿ ನೋಡು ನಂದು. ಅವರು ಸೈಕಲ್ ಸ್ಟ್ಯಾಂಡ್ ಹಾಕಿ, ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ರು. ಕೆಟ್ಟ ಮನುಷ್ಯ ಅಲ್ಲ ಅವರು. 'ನೋಡಯ್ಯಾ, ಆ ಮನೆಯವರು ಕಂಪ್ಲೇಂಟ್ ಬರೆದು ಕೊಟ್ಟಿದ್ದಾರೆ, ಕಾಗದದಲ್ಲಿ. ಅದು ನನ್ನ ಟೇಬಲ್ ಮೇಲಿದೆ. ಈ ವಾರ ಅದನ್ನ ಮೇಲಕ್ಕೆ ಕಳಿಸಲ್ಲ. ಅವರ ಮನೆಗೆ ಹೋಗು, ಕೈ ಮುಗಿ, ಕಾಲು ಹಿಡಿ, ಏನಾದ್ರೂ ಮಾಡು. ಅವರೇ ವಾಪಸ್ ತಗೊಂಡ್ರೆ ನಿನ್ನ ಪರ್ಮನೆಂಟ್ ಉಳಿಯುತ್ತೆ. ಇಲ್ಲ ಅಂದ್ರೆ ಸೋಮವಾರ ಕೀಲಿ ತಂದು ಒಪ್ಪಿಸು.'

ನಾನು ಹೋಗ್ತೀನಿ ಅಂದ್ರೆ ನಮ್ಮಪ್ಪ, 'ನೀನಲ್ಲ, ನಾನು ಬತ್ತೀನಿ. ಮಾತು ನಂದು, ಉತ್ತರ ನಾನು ಕೊಡ್ಬೇಕು' ಅಂತ ಒಗೆದ ಪಂಚೆ ಉಟ್ಕೊಂಡು ಹೊರಟ. ಹೋದ್ವಿ. ಗೇಟು, ಗೇಟಿಂದ ಮನೆ ತನಕ ಎರಡೂ ಕಡೆ ಗುಲಾಬಿ. ಒಳಗಿಂದ ರಾಯರು ಬಂದ್ರು, ದೊಡ್ಡ ಆಫೀಸರಾಗಿ ರಿಟೈರ್ ಆಗಿದ್ದೋರು. ನಮ್ಮಪ್ಪ ನೆಟ್ಟಗೆ ನಿಂತು, ಒಂದು ಗಂಟೆ ಭಾಷಣ ಮಾಡ್ದ, ಕೆರೆ ಅಂದ್ರೇನು, ನೀರಂದ್ರೇನು, ನ್ಯಾಯ ಅಂದ್ರೇನು ಅಂತ. ರಾಯರ ಕಣ್ಣಲ್ಲಿ ನೀರು. ನಮ್ಮಪ್ಪನ ತಬ್ಬಿಕೊಂಡು, 'ನೀವು ನನ್ನ ಕಣ್ಣು ತೆರೆಸಿದ್ರಿ' ಅಂದ್ರು. ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ರು...

ಇಲ್ಲ ಪುಟ್ಟಿ. ಹಾಗೆ ನೋಡಬೇಡ ನನ್ನ. ಐವತ್ತು ವರ್ಷದಿಂದ ಹೀಗೇ ಹೇಳ್ಕೊಂಡು ಬಂದಿದ್ದೀನಿ, ನಿಮ್ಮಜ್ಜಿಗೂ ಹೀಗೇ ಹೇಳಿದ್ದೆ. ಈಗ ಸುಸ್ತಾಗಿದೆ ನನಗೆ, ಸುಳ್ಳು ಹೊರೋಕೂ ಶಕ್ತಿ ಬೇಕು. ನಡೆದಿದ್ದು ಹೇಳ್ತೀನಿ ಕೇಳು. ರಾಯರು ಹೊರಗೇ ಬರಲಿಲ್ಲ. ಅವರ ಹೆಂಡತಿ ಬಂದ್ರು, ಅಮ್ಮಾವ್ರು ಅಂತಿದ್ವಿ, ಹಣೆ ತುಂಬ ಕುಂಕುಮ, ಕೈಯಲ್ಲಿ ಪೂಜೆ ಹೂವಿನ ಬುಟ್ಟಿ. ಗೇಟಿನ ಒಳಗೆ ಅವರು, ಹೊರಗೆ ನಾವು. ನಮ್ಮಪ್ಪ ಕೈ ಮುಗಿದು ಕೊನೇ ಗದ್ದೆ ಲೆಕ್ಕ ಹೇಳ್ದ, ಎರಡೇ ಮಾತಲ್ಲಿ. ಅವರು ಪೂರ್ತಿ ಕೇಳಿಸ್ಕೊಂಡ್ರು, ಸುಳ್ಳು ಯಾಕೆ ಹೇಳ್ಲಿ. ಕೇಳಿಸ್ಕೊಂಡು, 'ನಿಮ್ಮ ಮನೆ ಎಲ್ಲಪ್ಪ?' ಅಂದ್ರು. 'ಕೊನೇ ನಲ್ಲಿ ತಾವ, ಅಮ್ಮಾ.' 'ಓ. ಹಾಗಾದ್ರೆ ಮೊದಲ ನೀರು ನಿಮ್ಮ ಮನೆಗೇ ಅನ್ನಿ' ಅಂದ್ರು. ಜೋರಾಗೂ ಅನ್ನಲಿಲ್ಲ, ಕೋಪದಲ್ಲೂ ಅನ್ನಲಿಲ್ಲ. ಅಂದು, ಒಳಗೆ ಹೋದ್ರು.

ನಮ್ಮಪ್ಪ ಗೇಟು ಹಿಡ್ಕೊಂಡು ನಿಂತುಬಿಟ್ಟ. ಅವನ ಅಪ್ಪನ ಕಾಲದಿಂದ ಯಾರೂ ಆ ಮಾತು ಅಂದಿರಲಿಲ್ಲ ಕಣೋ. ನೀರಗಂಟಿ ನೀರು ಕದ್ದ ಅನ್ನೋದು ಪೂಜಾರಿ ಪ್ರಸಾದಕ್ಕೆ ಉಗಿದ ಅನ್ನೋ ಹಾಗೆ. ವಾಪಸ್ ಹೊರಟ್ವಿ. ನಾನೇ, 'ಬಿಡಪ್ಪಾ, ನಾಳೆಯಿಂದ ಮೇಲಿಂದಾನೇ ಬಿಡ್ತೀನಿ, ಪರ್ಮನೆಂಟ್ ಆಗ್ಲಿ ಮೊದಲು' ಅಂದೆ. ಅವನು ನಿಂತ. 'ಕೊನೆಯಿಂದಾನೇ ಬಿಡು, ಸೋಮವಾರದ ಗಂಟ ಕೀಲಿ ನಿನ್ ಕೈಲೇ ಅದೆಯಲ್ಲ. ಆದ್ರೆ ನಮ್ಮನೆಗೆ ಆ ನಲ್ಲೀದು ಒಂದು ತಂಬಿಗೇನೂ ಬರಂಗಿಲ್ಲ.' ಮನೆಗೆ ಬಂದು ನಮ್ಮಮ್ಮನಿಗೂ ಅದೇ ಹೇಳ್ದ. 'ನಾಳೆಯಿಂದ ನಲ್ಲಿಗೆ ಹೋಗ್ಬೇಡ. ಕೆರೆ ಮಗ್ಗುಲ ಬಾವಿಯಿಂದ ತತ್ತಾ.' ಆ ಬಾವಿ ಎಲ್ಲಿ, ನಮ್ಮ ಮನೆ ಎಲ್ಲಿ. ಒಂದು ಮೈಲಿ. ಮಳೆ ಇಲ್ಲದ ವರ್ಷ ಬೇರೆ, ನಲವತ್ತು ಮೆಟ್ಟಿಲು ಇಳಿದು ತಳದಿಂದ ತುಂಬ್ಕೋಬೇಕು. ಲೆಕ್ಕ ನಾನು ಜಾಸ್ತಿ ಮಾಡಿಲ್ಲ, ನಲವತ್ತೇ ಇತ್ತು. ಮಾರನೇ ದಿನದಿಂದ ನಮ್ಮಮ್ಮ ಹೊರಟಳು. ಸಿಂಬೆ ತಲೆ ಮೇಲೆ ಇಟ್ಕೊಂಡು, ಅದರ ಮೇಲೊಂದು ಬಿಂದಿಗೆ, ಸೊಂಟಕ್ಕೊಂದು ಬಿಂದಿಗೆ. ನಮ್ಮನೆ ಬಾಗಿಲಿಂದ ನಾಲ್ಕು ಮಾರು ದೂರದಲ್ಲಿ ನಲ್ಲಿ ಸುರೀತಾ ಇರೋದು, ಅದರ ಪಕ್ಕದಲ್ಲೇ ಹಾದು ಹೋಗೋಳು.

ಶನಿವಾರ ಬೆಳಗ್ಗೆ ನಾನು ಕೊನೇ ವಾಲ್ವ್ ಹತ್ರ ಇದ್ದೀನಿ, ಕೊಡೆ ಹಿಡ್ಕೊಂಡು ಯಾರೋ ಇಳೀತಾ ಇದಾರೆ. ನೋಡಿದ್ರೆ ಅಮ್ಮಾವ್ರು. ಮೊದಲ ನೀರು ಯಾರ ಮನೆಗೆ ಹೋಗುತ್ತೆ ಅಂತ ಕಣ್ಣಾರೆ ನೋಡೋಕೇ ಬಂದಿದ್ರು ಅಂತ ಕಾಣುತ್ತೆ. ಸಾಲು ನೋಡಿದ್ರು. ಡಬ್ಬ, ಮಡಕೆ, ಕೂಸು ಎಲ್ಲ ನೋಡಿದ್ರು. ಆ ಹೊತ್ತಿಗೆ ಸರಿಯಾಗಿ ನಮ್ಮಮ್ಮ ಖಾಲಿ ಬಿಂದಿಗೆ ತಗೊಂಡು ಸಾಲು ದಾಟಿ ಹೊರಟಳು. ಅಮ್ಮಾವ್ರಿಗೆ ಇವಳು ಯಾರು ಅಂತ ಗೊತ್ತಿಲ್ಲ, ಇವಳಿಗೆ ಅವರು ಯಾರು ಅಂತ ಗೊತ್ತಿಲ್ಲ. ನನಗೆ ಇಬ್ಬರೂ ಗೊತ್ತು. 'ಯಾಕಮ್ಮಾ, ಇಲ್ಲೇ ನೀರು ಬರ್ತಿದೆಯಲ್ಲ, ಬಿಂದಿಗೆ ತಗೊಂಡು ಎಲ್ಲಿಗೆ ಹೊರಟೆ?' ಅಂದ್ರು ಅವರು. 'ಬಾವೀಗೆ ಕಣ್ರವ್ವ.' 'ಅಷ್ಟು ದೂರ ಯಾಕೆ?' ನಮ್ಮಮ್ಮ ನಿಂತು, ಬಿಂದಿಗೆ ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸ್ಕೊಂಡು, 'ನನ್ ಮಗನೇ ಕಣವ್ವ ನೀರು ಬಿಡೋನು. ಮೇಲ್ಗಡೆ ಬೀದಿಯೋರು ಯಾರೋ ದೊಡ್ಡಮ್ಮ, ನಿಮ್ಮನೆಗೇ ಮೊದ್ಲು ನೀರು ಅಂದ್ರಂತೆ. ನಮ್ಮ ಯಜಮಾನ್ರಿಗೆ ರೋಷ ಬಂದ್ಬುಡ್ತು. ಆವಮ್ಮ ಆಡಿದ್ದು ಒಂದ್ ಮಾತು, ನಮ್ಮ ಯಜಮಾನ್ರು ಆಡಿದ್ದು ಒಂದ್ ಮಾತು. ಹೊರೋಳು ನಾನು. ಬತ್ತೀನವ್ವ, ಬಿಸ್ಲಾಗ್ತದೆ' ಅಂತ ಹೊರಟೇಹೋದಳು.

ಆವತ್ತು ಅಮ್ಮಾವ್ರು ಓಡಿಹೋಗಿ ಬಿಂದಿಗೆ ಇಸ್ಕೊಂಡು ತಾವೇ ಹೊತ್ರು ಅಂತ ನಾನು ಎಷ್ಟೋ ಜನಕ್ಕೆ ಹೇಳಿದ್ದೀನಿ. ಹೊರಲಿಲ್ಲ. ಕೊಡೆ ಮಡಚಿದ್ರು, ಮತ್ತೆ ಬಿಚ್ಚಿದ್ರು, ನನ್ನ ಕಡೆ ನೋಡಿದ್ರು, ದಿಣ್ಣೆ ಹತ್ತಿ ಹೋದ್ರು. ಸೋಮವಾರ ಕೀಲಿ ಒಪ್ಪಿಸೋಕೆ ಹೋದೆ. ಓವರ್‌ಸಿಯರ್ ಮುಖದ ಮೇಲೆ ನಗು. 'ಕಾಗದ ವಾಪಸ್ ತಗೊಂಡ್ರಯ್ಯಾ. ಒಂದು ದಿನ ಮೇಲಿಂದ ಬಿಡು, ಒಂದು ದಿನ ಕೆಳಗಿಂದ ಬಿಡು, ಅಂತ ಅವರೇ ಹೇಳಿ ಕಳಿಸಿದ್ದಾರೆ. ಇನ್ನೊಂದೂ ಹೇಳಿದ್ರು, ನೀರು ಬಿಡೋನ ಮನೆಯವರು ನಲ್ಲೀಲೇ ನೀರು ತಗೋಬೇಕಂತೆ.' ನಾನು ಹಾರ್ಕೊಂಡು ಬಂದು ಮನೇಲಿ ಹೇಳಿದೆ. ನಮ್ಮಪ್ಪ ಸನಿಕೆ ಒರೆಸ್ತಾ ಕೂತಿದ್ದ. 'ಮಳೆ ಬರೋಗಂಟ ಬಾವೀದೇ' ಅಂದ. 'ಅವರೇ ಹೇಳಿದ್ದಾರಲ್ಲಪ್ಪ.' 'ಅವರು ಅವರ ಮಾತು ವಾಪಸ್ ತಗೊಂಡವ್ರೆ. ನನ್ ಮಾತು ನಾನು ತಗೊಂಡಿಲ್ಲ.'

ಎರಡೂವರೆ ತಿಂಗಳು. ಮೊದಲ ಮಳೆ ಹನಿ ಬಿದ್ದ ದಿನ ಬಾವಿ ಮೆಟ್ಟಿಲು ಜಾರ್ತಿತ್ತು, ನಮ್ಮಮ್ಮ ಎರಡು ಬಿಂದಿಗೆ ಸಮೇತ ಬಿದ್ದಳು. ಸೊಂಟ. ನಾಟಿ ವೈದ್ಯನ ಕೈಲಿ ಕಟ್ಟಿಸಿದ್ವಿ, ಕೂಡಲಿಲ್ಲ. ಆಮೇಲೆ ಇದ್ದಷ್ಟು ವರ್ಷವೂ ಬಗ್ಗಿಕೊಂಡೇ ನಡೆದಳು. ನನ್ನ ಪರ್ಮನೆಂಟ್ ಆರ್ಡರ್ ಬಂದಿದ್ದೂ ಅದೇ ವಾರ. ಆಫೀಸಿಂದ ತಂದು ಅವಳ ಚಾಪೆ ಪಕ್ಕ ಕೂತು ಓದಿ ಹೇಳಿದೆ, ಇಂಗ್ಲಿಷಲ್ಲಿತ್ತು, ನನಗೆ ತೋಚಿದ ಹಾಗೆ ಕನ್ನಡ ಮಾಡಿ. 'ಸಾಯೋಗಂಟ ಅಂತ ಬರೆದವ್ರಾ?' ಅಂದಳು. 'ಬರೆದವ್ರೆ ಕಣಮ್ಮ' ಅಂದೆ. ಐವತ್ತೆಂಟು ವರ್ಷ ತುಂಬೋ ತನಕ ಅಂತಿತ್ತು ಅದರಲ್ಲಿ.

ಏನಂದೆ? ನೀನ್ಯಾಕೆ ಹೊರಲಿಲ್ಲ ತಾತ ಅಂತಾನಾ? ಕೇಳ್ತೀಯಾ ಅಂತ ಗೊತ್ತಿತ್ತು. ಆಗ ಗಂಡಸರು ಬಿಂದಿಗೆ ಹೊರ್ತಿರಲಿಲ್ಲ ಅಂತ ಹೇಳಬಹುದು. ಡ್ಯೂಟಿ ಇತ್ತು ಅಂತ ಹೇಳಬಹುದು. ಡ್ಯೂಟಿ ಒಂದೂವರೆ ಗಂಟೆ. ಉಳಿದ ಹೊತ್ತು ಏನ್ ಮಾಡ್ತಿದ್ದೆ? ನಮ್ಮಪ್ಪ ಎಂಥಾ ಮನುಷ್ಯ ಅಂತ ಟೀ ಅಂಗಡೀಲಿ ಕೂತು ಕಥೆ ಹೇಳ್ತಿದ್ದೆ. ಅಮ್ಮ ಆ ಅಂಗಡಿ ಮುಂದೇನೇ ಬಾವಿಗೆ ಹೋಗಿ ಬರ್ತಿದ್ದಳು, ನಾನು ಕಥೆ ನಿಲ್ಲಿಸ್ತಿರಲಿಲ್ಲ.

ಅದಕ್ಕೇ ಹೇಳೋದು. ಸೌಟು ಕೈಲಿರೋನು ಕೊನೇಲಿ ಊಟಕ್ಕೆ ಕೂತ್ಕೋಬೇಕು, ಅದು ಸರಿ. ಆದ್ರೆ ಇವತ್ತು ಉಪವಾಸ ಅಂತ ಪಂಕ್ತೀಲಿ ಎದ್ದು ಹೇಳೋ ಮುಂಚೆ ಒಳಗೆ ಹೋಗಿ ಮನೆಯೋಳನ್ನ ಒಂದು ಮಾತು ಕೇಳಬೇಕು, ನಿನಗೆ ಹಸಿವಾಗಿದೆಯಾ ಅಂತ. ಹೂಂ, ಕಥೆ ಮುಗೀತು, ಏಳಿ.